ಸೇರಿಸಿದರೂ ಮುರಿಯುತ್ತದೆ

ಪ್ರೋಗ್ರಾಂ ಬರೆಯುವ ನಮ್ಮಂಥವರು 2024ರ ಜುಲೈಯನ್ನು ಮರೆಯುವಂತಿಲ್ಲ. ರಸ್ಟ್ ಭಾಷೆಯ 1.80ನೇ ಆವೃತ್ತಿ ಬಂದದ್ದೇ ತಡ, ದಿನಾಂಕ, ಸಮಯಗಳ ಲೆಕ್ಕ ನೋಡುವ 'ಟೈಮ್' ಪ್ಯಾಕೇಜಿನ ಹಳೆಯ ಆವೃತ್ತಿ ಕಂಪೈಲ್ ಆಗದಾಯಿತು. ಅದನ್ನು ನೆಚ್ಚಿದ ಪ್ರೋಗ್ರಾಂಗಳೂ ನಿಂತವು. ನಾವು ಒಂದಕ್ಷರ ಮುಟ್ಟಿರಲಿಲ್ಲ. ಸ್ಟ್ಯಾಂಡರ್ಡ್ ಲೈಬ್ರರಿಯವರೂ ಏನನ್ನೂ ತೆಗೆದಿರಲಿಲ್ಲ, ಸೇರಿಸಿದ್ದರಷ್ಟೆ. 'ಟೈಮ್'ನ ಒಂದು ಸಾಲು ತನ್ನ ಟೈಪನ್ನು ಪೂರ್ತಿ ಹೇಳದೆ ಊಹೆಯನ್ನು ಕಂಪೈಲರಿಗೆ ಬಿಟ್ಟಿತ್ತು. ಆವರೆಗೆ ಉತ್ತರ ಒಂದೇ, ಈಗ ಎರಡು. ಬೀದಿಗೆ ಇನ್ನೊಬ್ಬ ಅಹ್ಮದ್ ಬಂದ ಮೇಲೆ ಬರೀ 'ಅಹ್ಮದ್' ಎಂದು ಕೂಗಿದರೆ ಓಗೊಡುವವರಾರು? ತಿದ್ದಿದ 0.3.35 ಮೊದಲೇ ಬಂದಿತ್ತು, ನಿಜ. ಆದರೆ ಹಳೆಯ ಆವೃತ್ತಿಗಳನ್ನು ಬೀಗ ಹಾಕಿ ಇಡಿ ಎಂದು ಕಲಿಸಿದವರೂ ಅವರೇ ಅಲ್ಲವೆ? ಭಾಷೆಯ ನಿಯಮದಲ್ಲಿ ಇದು 'ಸಣ್ಣ ಬದಲಾವಣೆ'. ಲೇಖಕರು ಕೈಬಿಟ್ಟು ಹೋದ ಪ್ಯಾಕೇಜುಗಳಲ್ಲಿ ಆ ಸಣ್ಣದನ್ನು ತಿದ್ದಲು ಯಾರೂ ಇಲ್ಲ.