ಬೇಸಿಗೆಯಲ್ಲಿ ಹೀಟರ್ ಹಾಕಿದ ದಿನ

ಹೈದರಾಬಾದಿಗೆ ಬಂದು ಹನ್ನೆರಡು ವರ್ಷವಾಯಿತು. ಕಾರಿನ ಎಸಿ ಒಂದು ದಿನವೂ ಬಿಟ್ಟಿದ್ದಿಲ್ಲ. ಹೀಟರ್ ಗುಂಡಿಯನ್ನು ಮಾತ್ರ ಡಿಸೆಂಬರಿನಲ್ಲೂ ಮುಟ್ಟಿದ ನೆನಪಿಲ್ಲ. ಅದನ್ನು ಮೊದಲ ಸಲ ಪೂರ್ತಿ ತಿರುಗಿಸಿದ್ದು ಹೋದ ಮೇ ತಿಂಗಳ ಮಧ್ಯಾಹ್ನ. ಹೊರಗೆ 42 ಡಿಗ್ರಿ. ಪಕ್ಕದ ಸೀಟಿನಲ್ಲಿ ಅಪ್ಪ. ಅವರ ಎದೆಯಲ್ಲಿ ಸ್ಟೆಂಟ್ ಹಾಕಿಸಿ ಮೂರು ತಿಂಗಳಾಗಿತ್ತು, ಅವರನ್ನು ರಾಯಚೂರಿಗೆ ಬಿಟ್ಟು ಬರಲು ಹೊರಟಿದ್ದೆ.

ಕೂಲಂಟ್ ಕಡಿಮೆಯಾಗುತ್ತಿದ್ದುದು ಗೊತ್ತಿಲ್ಲದ ವಿಷಯವೇನಲ್ಲ. ಎರಡು ತಿಂಗಳಲ್ಲಿ ಮೂರು ಸಲ ಡಬ್ಬಿಯ ಕೆಳಗಿನ ಗೆರೆಗಿಂತ ಇಳಿದಿತ್ತು. ಕಾರು ನಿಲ್ಲಿಸಿದ ಜಾಗದಲ್ಲಿ ಹನಿ ಇಲ್ಲ, ಪೈಪುಗಳೆಲ್ಲ ಒಣ. ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ಗ್ಯಾರೇಜಿನವರು ಮೊದಲು ತುಂಬಿಸಿಕೊಟ್ಟರು, ಆಮೇಲೆ ರೇಡಿಯೇಟರ್ ಮುಚ್ಚಳ ಬದಲಿಸಿದರು, ಕೊನೆಗೆ ‘ಹೆಡ್ ಗ್ಯಾಸ್ಕೆಟ್ ಹೋಗಿರಬೇಕು ಸಾರ್’ ಎಂದು 35,000 ರೂಪಾಯಿ ಲೆಕ್ಕ ಕೊಟ್ಟರು. ಗ್ಯಾಸ್ಕೆಟ್ ಹೋಗಿದ್ದರೆ ಸೈಲೆನ್ಸರಿನಲ್ಲಿ ಬಿಡದೆ ಬಿಳಿ ಹೊಗೆ ಬರಬೇಕು, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳಬೇಕು, ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಾಣಬೇಕು. ಇವು ಯಾವುದೂ ಇರಲಿಲ್ಲ. ಆಫೀಸಿನಲ್ಲಿ ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡುವ ಹುಡುಗರನ್ನು ಬೈಯುವ ನಾನು, ನನ್ನ ಕಾರಿಗೆ ಮಾತ್ರ ತುಂಬಿಸಿಕೊಂಡು ಓಡಿಸುತ್ತಿದ್ದೆ.

ಜಡ್ಚರ್ಲಾ ದಾಟುವಾಗ ಅಪ್ಪ ಚಪ್ಪಲಿ ಬಿಟ್ಟು ಕಾಲು ಚಾಚಿಕೊಂಡರು.

“ಕಾಲಾಗ ಹಸಿ ಅದಲ್ಲೋ ತಮ್ಮಾ. ಅಂಟಂಟ ಹತ್ತಲಿಕತ್ತದ.”

“ಎಸಿ ನೀರಪ್ಪಾ, ಪೈಪ್ ಕಟ್ಟಿರ್ತದ” ಅಂದೆ. ಎಸಿ ನೀರು ಅಂಟುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಕಾರಿನೊಳಗೆ ಎಳೆಪಾಕದಂಥ ಸಿಹಿ ವಾಸನೆಯೂ ಇತ್ತು. ಅಮ್ಮ ಕಟ್ಟಿಸಿಕೊಂಡಿದ್ದ ಸಿಹಿತಿಂಡಿಯ ಡಬ್ಬಿ ಹಿಂದೆ ಇತ್ತಲ್ಲ, ಅದರದೇ ಅಂದುಕೊಂಡೆ.

ಮಕ್ತಲ್ ಇನ್ನೂ ಸ್ವಲ್ಪ ದೂರವಿರುವಾಗ ಮೀಟರಿನ ಮುಳ್ಳು ಏರಿತು. ಎಂಜಿನ್ ಕಾದಾಗ ಎಸಿ ನಿಲ್ಲಿಸಿ ಹೀಟರ್ ಹಾಕಬೇಕು ಎಂದು ಓದಿದ್ದೆ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಚಿಕ್ಕ ರೇಡಿಯೇಟರ್ ಇರುತ್ತದೆ, ಹೀಟರ್ ಕೋರ್ ಅಂತಾರೆ. ಎಂಜಿನ್ನಿನ ಬಿಸಿ ಕೂಲಂಟ್ ಅದರೊಳಗೆ ಹರಿಯುತ್ತದೆ, ಫ್ಯಾನು ಆ ಬಿಸಿಯನ್ನು ನಮ್ಮ ಮುಖಕ್ಕೆ ಊದುತ್ತದೆ. ಕಿಟಕಿ ನಾಲ್ಕೂ ಇಳಿಸಿ, ಅಪ್ಪನ ಕ್ಷಮೆ ಕೇಳಿ, ಹಾಕಿದೆ. ಒಲೆಯ ಬಾಯಿ ತೆರೆದಂತಾಯಿತು. ಮುಳ್ಳು ಇಳಿಯಿತು. ಎರಡು ಮೂರು ನಿಮಿಷದಲ್ಲಿ ಮುಖಕ್ಕೆ ಹೊಡೆಯುತ್ತಿದ್ದ ಬಿಸಿಯೂ ಇಳಿಯಿತು. ಪರವಾಗಿಲ್ಲ, ಗೆದ್ದೆ ಅಂದುಕೊಂಡೆ.

ಅಪ್ಪ ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿದವರು. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದರು, “ಈ ಬಿಸಿಗಾಳಿ ಎಲ್ಲಿಂದ ಬರ್ತದಪಾ?”

“ಎಂಜಿನ್ ನೀರಿನಿಂದ.”

“ಈಗ್ಯಾಕ ಬಿಸಿ ಬರವಲ್ದು?”

ನಾನು ಉತ್ತರ ಹೇಳುವ ಮೊದಲೇ ಅವರು, “ನೀರ ಇಲ್ಲ. ಬಾಜೂಕ ಹಾಕು, ಬಂದ್ ಮಾಡು” ಅಂದರು.

ಮುಳ್ಳು ಇಳಿದದ್ದೂ ಸುಳ್ಳೇ. ಬಿಸಿ ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿರಬೇಕು. ಕೂಲಂಟೇ ಇಲ್ಲದಾಗ ಅದು ಬರೀ ಹಬೆಯ, ಗಾಳಿಯ ಲೆಕ್ಕ ಹೇಳುತ್ತದೆ. ಇನ್ನು ಹತ್ತು ನಿಮಿಷ ಅದನ್ನು ನಂಬಿ ಓಡಿಸಿದ್ದರೆ ಎಂಜಿನ್ ಕಚ್ಚಿಕೊಳ್ಳುತ್ತಿತ್ತು, ಆ ಬಿಸಿಲಿನಲ್ಲಿ ಹೃದಯದ ಮಾತ್ರೆ ತಿನ್ನುವ ಅಪ್ಪನನ್ನು ಕೂರಿಸಿಕೊಂಡು ಲಾರಿಗೆ ಕೈ ಮಾಡಬೇಕಿತ್ತು.

ಬೇವಿನ ಮರದ ಕೆಳಗೊಂದು ಚಹಾದಂಗಡಿ ಇತ್ತು. ನಾನು ತೆಲುಗಿನಲ್ಲಿ ನೀರು ಕೇಳಿದರೆ ಅಂಗಡಿಯಾಕೆ ಕನ್ನಡದಲ್ಲೇ “ಎಷ್ಟ್ ಬೇಕ್ರೀ?” ಅಂದಳು. ನಾರಾಯಣಪೇಟೆ ಜಿಲ್ಲೆಯ ಆ ಅಂಚಿನಲ್ಲಿ ಕನ್ನಡ ಅಪರೂಪವಲ್ಲ. 1956ರವರೆಗೆ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ. ಅಪ್ಪನನ್ನು ನೆರಳಿಗೆ ಕೂರಿಸಿ ಮಜ್ಜಿಗೆ ಕೊಟ್ಟಳು. ಬಾನೆಟ್ ಎತ್ತಿದ ನಾನು ಮುಚ್ಚಳಕ್ಕೆ ಕೈ ಹಾಕಲು ಹೋದೆ. ಕುಳಿತಲ್ಲಿಂದಲೇ ಅಪ್ಪ ಗದರಿಸಿದರು. ಮುಚ್ಚಳ ಬಿಗಿಯಾಗಿರುವಾಗ ಒಳಗೆ ಒತ್ತಡ ಇರುತ್ತದೆ, ಅದಕ್ಕೇ ಕೂಲಂಟ್ 120 ಡಿಗ್ರಿಯಲ್ಲೂ ಕುದಿಯದೆ ಕೂತಿರುತ್ತದೆ. ತೆರೆದರೆ ಒತ್ತಡ ಹೋಗಿ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೀಳಬಹುದು. ಒಂದು ಗಂಟೆ ಕಾದೆವು. ಆಮೇಲೆ ನಾಲ್ಕು ಲೀಟರ್ ನೀರು ಹಿಡಿಯಿತು. ಕೃಷ್ಣಾ ಸೇತುವೆಗೆ ಮುಂಚೆ ಮತ್ತೊಮ್ಮೆ ನಿಲ್ಲಿಸಿ, ತಣಿಸಿ, ತುಂಬಿಸಿಕೊಂಡು ಹೇಗೋ ಊರು ಮುಟ್ಟಿದೆವು.

ರಾಯಚೂರಿನಲ್ಲಿ ಅಪ್ಪನ ಪರಿಚಯದ ಮೇಸ್ತ್ರಿ ರೇಡಿಯೇಟರಿನ ಬಾಯಿಗೆ ಸೈಕಲ್ ಪಂಪಿನಂಥದ್ದನ್ನು ಸಿಕ್ಕಿಸಿ ಗಾಳಿ ತುಂಬಿದ. ಎಂಜಿನ್ ತಣ್ಣಗಿರುವಾಗಲೇ ಒತ್ತಡ ಕೊಟ್ಟು ಸೋರಿಕೆ ಹುಡುಕುವ ವಿಧಾನವಿದು. ಮುಳ್ಳು ನಿಧಾನಕ್ಕೆ ಇಳಿಯಿತು, ಹೊರಗೆ ಒಂದು ಹನಿಯೂ ಇಲ್ಲ. ಅವನು ತಲೆ ಕೆರೆದುಕೊಳ್ಳುತ್ತಿರುವಾಗ ಅಪ್ಪ ತಾವು ಕುಳಿತಿದ್ದ ಸೀಟಿನ ಮುಂದಿನ ಕಾರ್ಪೆಟ್ ಎತ್ತಿದರು. ಕೆಳಗೆಲ್ಲ ಗುಲಾಬಿ ಬಣ್ಣದ ಅಂಟು ನೀರು. ತೂತಾಗಿದ್ದದ್ದು ಹೀಟರ್ ಕೋರ್. ನಾವು ಹೀಟರ್ ಹಾಕದಿದ್ದರೂ ನಮ್ಮ ಕಾರಿನಲ್ಲಿ ಕೂಲಂಟ್ ಸದಾ ಅದರೊಳಗೆ ಹರಿಯುತ್ತಲೇ ಇರುತ್ತದಂತೆ, ಗಾಳಿಯ ದಾರಿಗೆ ಮಾತ್ರ ಬಾಗಿಲು. ಎರಡು ತಿಂಗಳಿಂದ ಅದು ಕಾರಿನೊಳಗೇ ಸೋರುತ್ತಿತ್ತು. ನಾನು ನೆಲ ನೋಡುತ್ತಿದ್ದೆ.

ಕೋರ್ ಬದಲಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಮೇಸ್ತ್ರಿ ಸದ್ಯಕ್ಕೆ ಹೀಟರಿನ ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ, ಕೋರ್ ಬಿಟ್ಟು ಹರಿಯುವಂತೆ ಮಾಡಿಕೊಟ್ಟ. ಬಕೆಟ್ಟಿಗೆ ಹಿಂಡಿದ ಕೂಲಂಟನ್ನು ಚರಂಡಿಗೆ ಚೆಲ್ಲಲು ಬಿಡಲಿಲ್ಲ. ಸಿಹಿ ಅಂತ ನಾಯಿ ನೆಕ್ಕುತ್ತವೆ, ಅದು ವಿಷ.

ಕೋರ್ ಇನ್ನೂ ಬದಲಿಸಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಮಾತ್ರೆ ತಗೊಂಡ್ರಾ ಅಂತ ಕೇಳುತ್ತೇನೆ. “ತಗೊಂಡೀನಿ. ನೀ ನೀರ್ ನೋಡಿದ್ಯಾ?” ಅಂತಾರೆ. ಫೋನ್ ಹಿಡಿದೇ ಕೆಳಗೆ ಪಾರ್ಕಿಂಗಿಗೆ ಇಳಿದು ನೋಡುತ್ತೇನೆ.