ಮಾತು ಕಡಿಮೆ, ಬುದ್ಧಿ ಕಡಿಮೆಯಲ್ಲ



ಈ ಸಲದ ಗೋಡೆ ಪತ್ರಿಕೆಗೆ ನನ್ನ ತಮ್ಮನ ವಿಚಾರ ಬರೆಯುತ್ತಿದ್ದೇನೆ. ಅವನು ಮೂರನೇ ತರಗತಿ. ಬರೆಯಲೋ ಬೇಡವೋ ಎಂದು ಅಪ್ಪ ಅಮ್ಮನನ್ನು ಕೇಳಿದೆ, ಅವನನ್ನೂ ಕೇಳಿದೆ. "ಬರಿ" ಅಂದ.

ಅಟ್ಟದ ಮೇಲಿನ ಕಾಯಿಯನ್ನು ಅವನ ಕೈಗೆ ಕೊಟ್ಟರೆ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಗಿಟುಕು ಆಗಿದೆಯೋ ಇಲ್ಲವೋ ತಕ್ಷಣ ಹೇಳುತ್ತಾನೆ. ಗೋಲಿ ಆಟದಲ್ಲಿ ಅವನ ಲೆಕ್ಕ ತಪ್ಪುವುದಿಲ್ಲ. ಆದರೆ "ತೋಟದಲ್ಲಿ ಏನಾಯ್ತೋ?" ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಾನೆ. ಬಹಳ ಹೊತ್ತಾದ ಮೇಲೆ "ಅಜ್ಜಿ ತೋಟ ಹೋದ... ಅದು... ಅದು ಬಿತ್ತು" ಅಂತಾನೆ. ಅಜ್ಜಿ ತೋಟಕ್ಕೆ ಹೋದಳು, ಮಟ್ಟೆ ಬಿತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಮಾತು ಮಾತ್ರ ಕೂಡಿ ಬರುವುದಿಲ್ಲ. ಪುಸ್ತಕ ತೆಗಿ, ಹನ್ನೆರಡನೇ ಪುಟ ನೋಡು, ಎರಡನೇ ಪ್ರಶ್ನೆ ಬರಿ ಎಂದು ಒಂದೇ ಸಲಕ್ಕೆ ಹೇಳಿದರೆ ಪುಸ್ತಕ ತೆಗೆದು ಕೂತಿರುತ್ತಾನೆ. ನೋಡಿದವರು ಸೋಮಾರಿ ಅಂತಾರೆ.

ಚಿಕ್ಕವನಿದ್ದಾಗ ಅಜ್ಜಿ ಬಜೆ ತೇದು ನಾಲಿಗೆಗೆ ತಿಕ್ಕುತ್ತಿದ್ದಳು. "ಗಂಡು ಹುಡುಗರು ತಡವಾಗೇ ಮಾತಾಡೋದು" ಎಂದವರೂ ಇದ್ದರು. "ಇವನಿಗೆ ಓದು ಹತ್ತಲ್ಲ, ಕಾಯಿ ಸುಲಿಯೋಕೆ ಹಾಕಿ" ಎಂದವರೂ ಇದ್ದರು. ಒಂದು ದಿನ ಬೀದಿ ದೀಪ ಒಡೆದವರು ಬೇರೆ ಹುಡುಗರು, ಏಟು ತಿಂದವನು ಇವನು. ನಾನಲ್ಲ ಅನ್ನುವುದಕ್ಕೆ ಬಿಟ್ಟರೆ ಯಾರು, ಹೇಗೆ ಎಂದು ಹೇಳಲು ಅವನಿಗೆ ಬರಲಿಲ್ಲ. ಹೇಳಲು ಬಾರದವನ ಮೇಲೆ ತಪ್ಪು ಹೊರಿಸುವುದು ಸುಲಭ. ಅವತ್ತು ಅಪ್ಪ ಮೈಸೂರಿಗೆ ಹೋಗೋಣ ಅಂದರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ತಿಪಟೂರಿನಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲಿ ಇಳಿದು, ಹಾಸನದ ಮೇಲೆ ಹೋದೆವು. ಅಲ್ಲಿ ಮೊದಲು ಕಿವಿ ಪರೀಕ್ಷೆ ಮಾಡಿದರು. ಕಿವಿ ಕೇಳದ ಮಗುವಿಗೂ ಮಾತು ತಡವಾಗುತ್ತದೆ, ಅದಕ್ಕೇ ಅದು ಮೊದಲು. ಕಿವಿ ಸರಿಯಿತ್ತು. ಆಮೇಲೆ ಚಿತ್ರ ತೋರಿಸಿ ಕಥೆ ಹೇಳಿಸಿದರು, ಆಟ ಆಡಿಸಿದರು. ಕೊನೆಗೆ, ಇದು ನಾಲಿಗೆಯ ದೋಷವೂ ಅಲ್ಲ, ದಡ್ಡತನವೂ ಅಲ್ಲ, ಭಾಷೆ ಕಲಿಯುವುದರಲ್ಲೇ ಇರುವ ತೊಂದರೆ ಎಂದರು.

ಇದಕ್ಕೆ ಡಿ.ಎಲ್.ಡಿ., ಅಂದರೆ ಬೆಳವಣಿಗೆಯ ಭಾಷಾ ತೊಂದರೆ ಎಂದು ಹೆಸರು. ಹಲವು ದೇಶಗಳ ತಜ್ಞರು ಚರ್ಚಿಸಿ ಒಪ್ಪಿದ ಈ ಹೆಸರು 2017ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಶಾಲೆಗೆ ಸೇರಿದ ಮಕ್ಕಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ ಸುಮಾರು 7 ಮಕ್ಕಳಿಗೆ ಇದಿತ್ತು. ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಇದು ತಂದೆ ತಾಯಿ ಸರಿಯಾಗಿ ಸಾಕದ್ದರಿಂದ ಬರುವುದಲ್ಲ. ಮನೆಯಲ್ಲಿ ಉರ್ದುವೋ ತೆಲುಗೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವುದರಿಂದಲೂ ಬರುವುದಿಲ್ಲ. ಆದ್ದರಿಂದ ಯಾರೂ ಮನೆಮಾತು ಬಿಡಬೇಕಾಗಿಲ್ಲ. ಬೆಳೆದಂತೆ ತಾನೇ ಪೂರ್ತಿ ಹೋಗುವುದೂ ಅಪರೂಪ. ಆದರೆ ಸಹಾಯ ಸಿಕ್ಕರೆ ಮಕ್ಕಳು ಮುಂದೆ ಬರುತ್ತಾರೆ.

ಮೈಸೂರಿನಲ್ಲಿ ಹೇಳಿಕೊಟ್ಟಂತೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದೇವೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇವೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯುತ್ತೇವೆ. ಅವನು "ಅಜ್ಜಿ ತೋಟ ಹೋದ" ಅಂದರೆ "ಸರಿಯಾಗಿ ಹೇಳೋ" ಎಂದು ಗದರುವುದಿಲ್ಲ. "ಹೌದು, ಅಜ್ಜಿ ತೋಟಕ್ಕೆ ಹೋದಳು" ಎಂದು ನಾವೇ ಸರಿ ಮಾಡಿ ಮಾತು ಮುಂದುವರಿಸುತ್ತೇವೆ. ಹೊಸ ಪದವನ್ನು ವಸ್ತು ತೋರಿಸಿಯೇ ಹೇಳುತ್ತೇವೆ. ಹೊಂಬಾಳೆ, ಕರಟ, ಸೋಗೆ ಎಲ್ಲಾ ಅವನು ತೋಟದಲ್ಲೇ ಮುಟ್ಟಿ ಕಲಿತ. ಈಗಲೂ ತಡವರಿಸುತ್ತಾನೆ, ಆದರೆ ಹೇಳಲು ಹಿಂಜರಿಯುವುದಿಲ್ಲ.

ನಿಮ್ಮ ಮನೆಯಲ್ಲಿ ಎರಡು ವರ್ಷವಾದರೂ ಎರಡೆರಡು ಪದ ಕೂಡಿಸಿ ಆಡದ ಮಗು ಇದ್ದರೆ ದೊಡ್ಡವರಿಗೆ ಹೇಳಿ, ಕಿವಿ ಪರೀಕ್ಷೆ ಮಾಡಿಸಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತಾರೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಮಾತು ತಡವಾಗುವುದೂ ಸೇರಿದೆ. ನಾಚಿಕೆಪಡದೆ ಕೇಳಿ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ತರಗತಿಯಲ್ಲಿ ಯಾರಾದರೂ ಮಾತು ಹುಡುಕುತ್ತಾ ನಿಂತರೆ ನಗಬೇಡಿ, ಅವರ ಮಾತನ್ನು ನೀವೇ ಮುಗಿಸಲೂ ಬೇಡಿ. ಸ್ವಲ್ಪ ಹೊತ್ತು ಕಾಯಿರಿ. ಅವರಿಗೂ ಹೇಳುವುದಿದೆ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ