ಅಪ್ಪನ ಸ್ಪ್ಲೆಂಡರ್, ನಾನು ಕೆಡಿಸಿದ ಹೆಡ್

1/6
ಫೋಟೋದಲ್ಲಿ ಎರಡು ಹೆಡ್ ಇದಾವೆ. ಎಡಗಡೆದು ಒಳಗೆಲ್ಲ ಕನ್ನಡಿ ಥರ ಹೊಳೀತಿದೆ, ಬಲಗಡೆದು ಮಂಕು. ಯಾವುದು ಚೆನ್ನಾಗಿ ಓಡುತ್ತೆ ಹೇಳಿ ನೋಡೋಣ?

ಎಡಗಡೆದು ಅಂದ್ರಾ? ನಾನೂ ಹಂಗೇ ಅನ್ಕೊಂಡಿದ್ದೆ. ಅದು ನಾನು ಕೆಡಿಸಿದ್ದು.

ನಮ್ಮೂರು ಉಡುತಡಿ, ಶಿಕಾರಿಪುರ ತಾಲ್ಲೂಕು. ಅಕ್ಕಮಹಾದೇವಿ ಹುಟ್ಟಿದ ಊರು ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಗಾಡಿಗೆ ಒಂದು ವಾಷರ್ ಬೇಕಂದ್ರೂ ನಾವು ಶಿರಾಳಕೊಪ್ಪಕ್ಕೆ ಹೋಗ್ಬೇಕು. ಮನೇಲಿರೋದು 2004ರ ಸ್ಪ್ಲೆಂಡರ್. ಅಪ್ಪ ದಿನಾ ಬೆಳಿಗ್ಗೆ ಅದರ ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬರ್ತಾರೆ.

2/6
ಹೋರಿ ಹಬ್ಬದ ಹೊತ್ತಲ್ಲಿ ಹುಡುಗರೆಲ್ಲ ಸೇರಿದಾಗ ಮಾತು ಗಾಡಿ ಮೇಲೇ ಬರುತ್ತೆ. ಯಾರೋ "ಹೆಡ್ ಪೋರ್ಟಿಂಗ್ ಮಾಡ್ಸಿದೀನಿ, ಬಾಣ ಹೋದಂಗ ಹೋಗ್ತೈತಿ" ಅಂದ. ನನ್ನ ತಲೇಲಿ ಹುಳ ಬಿಟ್ಟ ಅಂತಾನೇ ಹೇಳ್ಬೇಕು.

ವಿಷಯ ಇಷ್ಟೇ. ಸ್ಪ್ಲೆಂಡರ್ ಇಂಜಿನ್ನು 97.2 ಸಿಸಿ: ಬೋರ್ 50 ಮಿ.ಮೀ., ಸ್ಟ್ರೋಕ್ 49.5 ಮಿ.ಮೀ. ಎಂಟು ಸಾವಿರ ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ನಾಲ್ಕು ಸಾವಿರ ಸಲ ಉಸಿರು ಎಳೀಬೇಕು. ಪ್ರತಿ ಸಲ ಪೂರ್ತಿ ತುಂಬಿದ್ರೆ ನಿಮಿಷಕ್ಕೆ ಹತ್ತಿರ ಹತ್ತಿರ 390 ಲೀಟರ್ ಗಾಳಿ. ಪೂರ್ತಿ ತುಂಬಲ್ಲ, ಯಾಕಂದ್ರೆ ದಾರೀಲಿ ಅಡ್ಡಿ ಇದಾವೆ. ಎರಕದ ಒರಟು, ವಾಲ್ವ್ ಸೀಟಿನ ಕೆಳಗಿನ ಮೆಟ್ಟಿಲು, ವಾಲ್ವ್ ಗೈಡಿನ ಉಬ್ಬು, ಇನ್‌ಟೇಕ್ ಪೈಪು ಹೆಡ್ಡಿಗೆ ಸೇರೋ ಕಡೆ ಕೂದಲೆಳೆ ತಪ್ಪಿದ ಅಂಚು. ಇವನ್ನ ತೆಗೆದು ದಾರಿ ಸರಾಗ ಮಾಡೋದೇ ಪೋರ್ಟಿಂಗ್.

ನಾನು ಕೇಳಿಸಿಕೊಂಡಿದ್ದು ಮಾತ್ರ ಒಂದೇ ಮಾತು: ತೂತು ದೊಡ್ಡದು ಮಾಡ್ಬೇಕು.

3/6
ಅಪ್ಪಗೆ "ಕಾರ್ಬನ್ ಕ್ಲೀನ್ ಮಾಡ್ತೀನಿ" ಅಂತ ಸುಳ್ಳು ಹೇಳಿ ಹೆಡ್ ಬಿಚ್ಚಿದೆ. ಡ್ರಿಲ್ ಮಷೀನಿಗೆ ಕಲ್ಲು ಸಿಗಿಸಿ ಎರಡು ರಾತ್ರಿ ಉಜ್ಜಿದೆ. ಅಲ್ಯೂಮಿನಿಯಂ ಕಲ್ಲಿಗೆ ಮೆತ್ತಿಕೊಳ್ತಿತ್ತು, ಸೀಮೆಎಣ್ಣೆ ಹಚ್ಚಿ ಮತ್ತೆ ಉಜ್ಜಿದೆ. ಕೊನೆಗೆ ಎಮರಿ ಕಾಗದ ಹಾಕಿ ಹೊಳೆಯೋ ಹಂಗೆ ಮಾಡಿದೆ. ಒಂದು ಫೋಟೋನೂ ಹಾಕಿದ್ದೆ ಇಲ್ಲೇ, ಹಳೇ ಫಾಲೋವರ್ಸಿಗೆ ನೆನಪಿರಬಹುದು. ನೀವೆಲ್ಲ ಬೆಂಕಿ ಇಮೋಜಿ ಹಾಕಿದ್ರಿ.

ಖಾಲಿ ರಸ್ತೇಲಿ ಒಬ್ಬನೇ ಹೊಡೆದಾಗ ಮೇಲಿನ ಸ್ಪೀಡಲ್ಲಿ ಗಾಡಿ ನಿಜವಾಗ್ಲೂ ಚೂರು ಹೆಚ್ಚೇ ಹೋಯ್ತು. ಕುಣಿದಾಡಿಬಿಟ್ಟೆ.

ಆದ್ರೆ ಅಪ್ಪ ಒಬ್ಬರೇ ಹೋಗಲ್ಲ, ಎರಡು ಕ್ಯಾನ್ ಹಾಲು ಇರುತ್ತೆ. ನಿಧಾನಕ್ಕೆ ಕೆರೆ ಏರಿ ಹತ್ತೋವಾಗ ಗಾಡಿ ಕೆಮ್ಮಿ ನಿಂತುಬಿಡ್ತಿತ್ತು. ಹದಿನೈದು ದಿನ ಅಪ್ಪ ಆ ಏರು ತಳ್ಳಿಕೊಂಡು ಹತ್ತಿದ್ರು. ನನಗೆ ಹೇಳಿದ್ದು ಇಷ್ಟೇ: "ಗಾಡಿಗೂ ವಯಸ್ಸಾತು ನೋಡಪ್ಪ ನನ್ನಂಗ. ಯಾರಿಗಾದ್ರೂ ಕೊಟ್ಟುಬಿಡಣ."

ಆ ಮಾತು ಕೇಳಿದ ಮೇಲೂ ಒಂದು ವಾರ ಬಾಯಿ ಬಿಡಲಿಲ್ಲ ನಾನು. ಬರೆಯೋಕೆ ನಾಚಿಕೆ ಆಗುತ್ತೆ.

4/6
ಕೊನೆಗೆ ಹೆಡ್ ಬಿಚ್ಚಿ ಚೀಲಕ್ಕೆ ಹಾಕ್ಕೊಂಡು ಶಿರಾಳಕೊಪ್ಪದ ಚಾಚಾ ಹತ್ತಿರ ಹೋದೆ. ಮೈಸೂರಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋಯ್ತಲ್ಲ, ಅದಕ್ಕೂ ಮೊದಲಿಂದ ಯೆಜ್ಡಿ ಬಿಚ್ಚಿದ ಕೈ ಅವರದು.

ಪೋರ್ಟಿನೊಳಗೆ ಬೆರಳು ಹಾಕಿ ಸವರಿ ನೋಡಿ ಕೇಳಿದ್ರು: "ತಮ್ಮಾ, ನಿಮ್ಮ ಗದ್ದೆ ಕಾಲುವೆ ಅಗಲ ಮಾಡಿದ್ರೆ ಏನಾಗ್ತೈತಿ?"

"ನೀರು ಜಾಸ್ತಿ ಬರುತ್ತೆ."

"ತೂಬಿಂದ ಬರೋ ನೀರು ಅಷ್ಟೇ ಇದ್ರೆ?"

ನಿಧಾನ ಆಗುತ್ತೆ. ಹೂಳು ಕೂರುತ್ತೆ. ಉತ್ತರ ನನ್ನ ಬಾಯಲ್ಲೇ ಬಂತು.

ಇಂಜಿನ್ನಲ್ಲೂ ಅದೇ. ಕಡಿಮೆ ಆರ್‌ಪಿಎಂನಲ್ಲಿ ಅದು ಎಳೆಯೋ ಗಾಳಿನೇ ಕಮ್ಮಿ. ದಾರಿ ಅಗಲ ಆದಷ್ಟೂ ಗಾಳಿ ನಿಧಾನ ಆಗಿ ಪೆಟ್ರೋಲ್ ಹನಿಗಳು ಗೋಡೆಗೆ ಕೂರ್ತಾವೆ. ಒಳಗೆ ಕನ್ನಡಿ ಥರ ಪಾಲಿಶ್ ಮಾಡಿದ್ರೂ ಲಾಭ ಇಲ್ಲ. ಇನ್‌ಟೇಕ್ ಕಡೆ ಚೂರು ಒರಟು ಇದ್ರೆನೇ ಒಳ್ಳೇದು, ಗೋಡೆಗೆ ಕೂತ ಹನಿ ಒಡೆದು ಮತ್ತೆ ಗಾಳಿಗೆ ಸೇರುತ್ತೆ. ಪಾಲಿಶ್ ಬೇಕಾಗಿರೋದು ಎಕ್ಸಾಸ್ಟ್ ಕಡೆ, ಅಲ್ಲಿ ಕಾರ್ಬನ್ ಹಿಡಿಯೋದು ತಡ ಆಗುತ್ತೆ.

5/6
ಗುಜರಿ ಅಂಗಡೀಲಿ ಇನ್ನೊಂದು ಹಳೇ ಹೆಡ್ ಸಿಕ್ತು. ಈ ಸಲ ಉಜ್ಜೋಕೆ ಮುಂಚೆ ಅಳೆದೆ. ವಾಟರ್ ಸರ್ವಿಸ್ ಅಂಗಡಿಯ ವ್ಯಾಕ್ಯೂಮ್ ಕ್ಲೀನರ್ ಹೆಡ್ಡಿನ ಕೆಳಗಡೆ ಜೋಡಿಸಿ, ಗಾರೆ ಮೇಸ್ತ್ರಿಗಳು ಮಟ್ಟ ನೋಡೋ ನೀರಿನ ಪೈಪನ್ನ ಮಧ್ಯೆ ಸಿಕ್ಕಿಸಿದ್ವಿ (ಎರಡನೇ ಫೋಟೋ). ವಾಲ್ವನ್ನ ಬೋಲ್ಟ್ ಇಟ್ಟು ಪ್ರತಿ ಸಲ ಅಷ್ಟೇ ತೆರೆದಿಟ್ವಿ. ನೀರು ಎಷ್ಟು ಕಮ್ಮಿ ಏರುತ್ತೋ, ಗಾಳಿ ಅಷ್ಟು ಸಲೀಸಾಗಿ ಹೋಗ್ತಿದೆ ಅಂತ ಅರ್ಥ.

ಮುಟ್ಟದ ಹೆಡ್ಡು: 62 ಸೆಂ.ಮೀ.
ನಾನು ಕೆಡಿಸಿದ್ದು: 55.

"ನೋಡಿ ಚಾಚಾ, ನಂದೇ ಗೆದ್ದಿದೆ!" ಅಂದೆ. "ಇದು ಪೂರ್ತಿ ಎಳೆದಾಗಿನ ಲೆಕ್ಕ ತಮ್ಮಾ. ನಿಮ್ಮಪ್ಪ ಯಾವಾಗ ಹಂಗ ಓಡಸ್ತಾರ?" ಅಂದ್ರು.

ಆಮೇಲೆ ಮಾಡಿದ ಕೆಲಸ ಸ್ವಲ್ಪವೇ. ಸೀಟಿನ ಕೆಳಗಿನ ಮೆಟ್ಟಿಲು ತೆಗೆದೆ. ಗೈಡಿನ ಉಬ್ಬಿನ ಎರಡೂ ಪಕ್ಕ ತೆಳು ಮಾಡಿದೆ. ಇನ್‌ಟೇಕ್ ಪೈಪಿನ ಅಂಚು ಹೊಂದಿಸಿದೆ. ಪೋರ್ಟ್ ಕೆಳಕ್ಕೆ ತಿರುಗೋ ಒಳಮೂಲೆಯನ್ನ ಚಾಚಾ ನನಗೆ ಮುಟ್ಟೋಕೇ ಬಿಡಲಿಲ್ಲ. ಗಾಳಿ ಅಲ್ಲಿ ಬಾಗಿ ಹೋಗ್ಬೇಕು, ಆ ತಿರುವು ಮೊಂಡಾದ್ರೆ ಗೋಡೆ ಬಿಟ್ಟು ಹಾರುತ್ತೆ. ಪೇಸ್ಟ್ ಹಾಕಿ ವಾಲ್ವ್ ಅರೆದು, ಪೋರ್ಟಿಗೆ ಪೆಟ್ರೋಲ್ ಸುರಿದು ಅರ್ಧ ಗಂಟೆ ಬಿಟ್ವಿ. ಒಂದು ಹನಿ ಸೋರಲಿಲ್ಲ.

ಮತ್ತೆ ಅಳೆದಾಗ: 57. ದಾರಿ ಅಗಲ ಮಾತ್ರ ಹೆಚ್ಚುಕಮ್ಮಿ ಮೊದಲಿನಷ್ಟೇ.

6/6
ಹೆಡ್ ಕೂರಿಸೋ ಮುಂಚೆ ಅಪ್ಪಗೆ ಎಲ್ಲ ಹೇಳಿದೆ. ಬೈತಾರೆ ಅನ್ಕೊಂಡಿದ್ದೆ. ಕ್ಯಾನ್ ತೊಳೀತಾ ತೊಳೀತಾನೇ ಅಂದ್ರು: "ಮೊದ್ಲೇ ಹೇಳಿದ್ರೆ ಹದಿನೈದು ದಿನ ತಳ್ಳೋದು ತಪ್ತಿತ್ತಲ್ಲೋ."

ಬೈದಿದ್ರೇ ಚೆನ್ನಾಗಿರ್ತಿತ್ತು.

ಮಾರನೇ ದಿನ ಬೆಳಿಗ್ಗೆ ಏರಿ ಮೇಲೆ ಹೋಗಿ ನಿಂತಿದ್ದೆ. ಮಂಜಲ್ಲಿ ಗಾಡಿ ಸದ್ದು ಮೊದಲು ಬಂತು. ಎರಡೂ ಕ್ಯಾನ್ ತುಂಬಿದ್ವು, ಗಾಡಿ ಒಂದು ಸಲಾನೂ ಕೆಮ್ಮಲಿಲ್ಲ. ಸಂಜೆ ಪ್ಲಗ್ ಬಿಚ್ಚಿ ನೋಡಿದೆ, ಕಾಫಿ ಕಂದು ಬಣ್ಣ. ಉರಿ ಸರಿಯಾಗಿದೆ.

"ಹೆಂಗೈತಪ್ಪ ಈಗ?" ಅಂತ ಕೇಳಿದೆ.

"ಮೊದಲು ಹೆಂಗಿತ್ತೋ ಹಂಗ ಐತಿ" ಅಂದ್ರು.

62ರಿಂದ 57 ಆಗಿದ್ದು ಅವರಿಗೆ ಗೊತ್ತಾಗ್ಲೇ ಇಲ್ಲ. ನಾನೂ ಹೇಳಕ್ಕೆ ಹೋಗ್ಲಿಲ್ಲ. ಗಾಡಿ ಕೊಟ್ಟುಬಿಡೋ ಮಾತು ಮತ್ತೆ ಬಂದಿಲ್ಲ, ನನಗೆ ಅಷ್ಟು ಸಾಕು.

ಒಂದು ಮಾತು: ಮನೆಯವರ ದುಡಿಮೆ ಗಾಡಿ ಮೇಲೆ ಪ್ರಯೋಗ ಮಾಡ್ಬೇಡಿ. ಗುಜರಿ ಹೆಡ್ ಮೇಲೆ ಕೈ ಪಳಗಿಸಿ. ರಸ್ತೆ ಗಾಡಿ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ, ಅದನ್ನೂ ಓದಿಕೊಳ್ಳಿ.

ಎಡಗಡೆ ಹೆಡ್ ಈಗ ನನ್ನ ಮೇಜಿನ ಮೇಲೆ ಪೆನ್ ಸ್ಟ್ಯಾಂಡ್. ನೀವು ಕೆಡಿಸಿದ್ದು ಏನು? ಕೆಳಗೆ ಬರೀರಿ.

#ಉಡುತಡಿ #ಶಿರಾಳಕೊಪ್ಪ #ಸ್ಪ್ಲೆಂಡರ್ #ಹೆಡ್‌ಪೋರ್ಟಿಂಗ್ #ಗ್ಯಾರೇಜ್‌ಕಥೆ